ಚಿಪ್ಪಿನ ಮೇಲೆ ಕುಕ್ಕಿದ ಗಿಳಿ

ಕಾಡಿನ ಪ್ರೌಢಶಾಲೆಗಳ ರಸಪ್ರಶ್ನೆ ಸ್ಪರ್ಧೆಗೆ ಕೆರೆಯಂಚಿನ ಶಾಲೆಯಿಂದ ಗಿಳಿಯೂ ಆಮೆಯೂ ಜೋಡಿಯಾಗಿ ಹೋದವು. ಕೊಕ್ಕರೆ ಮೇಷ್ಟ್ರ ನಿಯಮ ಇಷ್ಟೇ: ಜೋಡಿಯಲ್ಲಿ ಯಾರು ಬೇಕಾದರೂ ಉತ್ತರ ಹೇಳಬಹುದು, ಆದರೆ ತಮ್ಮತಮ್ಮಲ್ಲಿ ಮಾತಾಡುವಂತಿಲ್ಲ.

ಮೊದಲ ಪ್ರಶ್ನೆಗೇ ಆಮೆ ಕತ್ತು ಹೊರಚಾಚಿತು. ಇದು ಬಾಯಿ ತೆರೆಯುವಷ್ಟರಲ್ಲಿ ಹೊತ್ತು ಮೀರೀತೆಂದು ಗಿಳಿ ಅದರ ಚಿಪ್ಪಿನ ಮೇಲೆ ಟಕ್ಕನೆ ಕುಕ್ಕಿ, ತಾನೇ ಉತ್ತರ ಹೇಳಿಬಿಟ್ಟಿತು. ಆಮೆ ಕತ್ತನ್ನು ಒಳಗೆಳೆದುಕೊಂಡಿತು. ಆಮೇಲೂ ಹೀಗೇ ನಡೆಯಿತು. ಚಪ್ಪಾಳೆಯೆಲ್ಲ ಗಿಳಿಗೇ ಬಿತ್ತು.

ಕೊನೆಯ ಪ್ರಶ್ನೆಯ ಹೊತ್ತಿಗೆ ಮೊಲ ಮತ್ತು ಅಳಿಲಿನ ಜೋಡಿ ಒಂದೇ ಅಂಕ ಮುಂದಿತ್ತು. ಮೇಷ್ಟ್ರು ಕೇಳಿದರು: "ಕೆರೆ ಬತ್ತಿದ ಮೇಲೆ ಕಪ್ಪೆ ಎಲ್ಲಿ ಅಡಗಿರುತ್ತದೆ?"

ಮರದ ಮೇಲೆ ಬೆಳೆದ ಗಿಳಿಗೆ ಅದೇನು ಗೊತ್ತು! ಆಮೆಗೆ ಗೊತ್ತಿದ್ದೇ ಇರುತ್ತದೆಂದು ಹೊಳೆದು, ಅದರ ಚಿಪ್ಪಿನ ಮೇಲೆ ಕುಕ್ಕಿತು. ಆಮೆ ಅಲುಗಲಿಲ್ಲ. ಇನ್ನೂ ಜೋರಾಗಿ ಕುಕ್ಕಿತು. ಆಮೆ ಬಾಲವನ್ನೂ ಒಳಗೆಳೆದುಕೊಂಡಿತು. ಗಂಟೆ ಹೊಡೆಯಿತು, ಸ್ಪರ್ಧೆ ಮುಗಿಯಿತು.

ಹೊರಗೆ ಬಂದ ಮೇಲೆ ಗಿಳಿ ಕೇಳಿತು: "ನಿನಗೂ ಗೊತ್ತಿರಲಿಲ್ಲವೇ?"

"ಗೊತ್ತಿತ್ತು. ತಳದ ಕೆಸರಿನಲ್ಲಿ ಹುದುಗಿರುತ್ತದೆ. ಬೇಸಿಗೆಯಲ್ಲಿ ನಾವು ಅಕ್ಕಪಕ್ಕವೇ ಮಲಗುವುದು."

"ಮತ್ತೆ ಹೇಳಬಾರದಿತ್ತೇ? ಅಷ್ಟು ಸಲ ಕುಕ್ಕಿದೆನಲ್ಲ!"

"ಕುಕ್ಕಿದೆಯೆಂದೇ ಸುಮ್ಮನಿದ್ದೆ, ಗೆಳೆಯ. ಜೋರಾಗಿ ಕುಕ್ಕಿದಾಗಂತೂ, ನನ್ನ ಉಸಿರೂ ನಿನಗೆ ಅಡ್ಡಿಯಾಯಿತೇನೋ ಎಂದು ಅದನ್ನೂ ಬಿಗಿಹಿಡಿದೆ."

ಗಿಳಿ ಏನೋ ಹೇಳಹೊರಟು, ಕೊಕ್ಕನ್ನು ತನ್ನ ರೆಕ್ಕೆಯೊಳಗೆ ಹುದುಗಿಸಿಕೊಂಡಿತು.