ಊಟಕ್ಕಿಲ್ಲದವಳು

ಚಿಂತಾಮಣಿಯ ಒಂದು ಕಚೇರಿಗೆ ಪಂಕಜಾ ಹೊಸ ಟೈಪಿಸ್ಟ್ ಆಗಿ ಬಂದಳು. ಹೆಡ್ ಕ್ಲರ್ಕ್ ರುದ್ರಾರಾಧ್ಯರು ತಮ್ಮ ಕೆಲಸವನ್ನೂ ಅವಳ ಮೇಲೆ ಹೇರಲು ನೋಡಿದರು. ಅವಳು ಒಪ್ಪಲಿಲ್ಲ.

"ಇನ್ಮೇಲೆ ಈ ಹುಡುಗಿ ಇಲ್ಲಿ ಇಲ್ಲ ಅಂತಲೇ ತಿಳ್ಕೊಳ್ಳಿ," ಎಂದು ಅವರು ಎಲ್ಲರಿಗೂ ತಾಕೀತು ಮಾಡಿದರು.

ಅಂದಿನಿಂದ ಅವಳನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ನಮಸ್ಕಾರ ಎಂದರೂ ಉತ್ತರವಿಲ್ಲ. ಒಬ್ಬಳೇ ಮೂಲೆಯಲ್ಲಿ ಕೂತು, ಅರ್ಧ ಉಂಡು ಡಬ್ಬಿ ಮುಚ್ಚಿಡುತ್ತಿದ್ದಳು. ಟೈಪಿಂಗಿನಲ್ಲೂ ತಪ್ಪುಗಳು ನುಸುಳತೊಡಗಿದವು.

ಒಂದು ಶನಿವಾರ ಊಟದ ಹೊತ್ತಿಗೆ ಮೇಲಧಿಕಾರಿ ಒಳಗೆ ಬಂದರು. "ನಾಳೆ ಮಂತ್ರಿಗಳು ಬರ್ತಾರೆ. ಭಾನುವಾರ ಕೆಲಸಕ್ಕೆ ಯಾರು ಬರ್ತೀರಿ?"

"ಪಂಕಜಾ ಬರ್ತಾಳೆ ಸಾರ್," ಎಂದರು ರುದ್ರಾರಾಧ್ಯರು ತಟ್ಟನೆ.

ಪಂಕಜಾ ತಲೆ ಎತ್ತದೆ ಚಿತ್ರಾನ್ನ ಕಲಸುತ್ತಲೇ ಇದ್ದಳು.

"ಏನಮ್ಮಾ, ಕೇಳಿಸ್ತಿಲ್ವಾ?" ಎಂದರು ಅಧಿಕಾರಿ.

ಅವಳು ಎದ್ದು ನಿಂತಳು. "ಕ್ಷಮಿಸಿ ಸಾರ್. ನಾನು ಇಲ್ಲಿ ಇಲ್ಲ ಅಂತ ರುದ್ರಾರಾಧ್ಯರೇ ಅಪ್ಪಣೆ ಮಾಡಿದಾರೆ. ಊಟಕ್ಕೆ ಇಲ್ಲದವಳು ಭಾನುವಾರದ ಕೆಲಸಕ್ಕೆ ಎಲ್ಲಿಂದ ಬರಲಿ?"

ಯಾರೋ ಕಿಸಕ್ಕೆಂದರು. ಅಧಿಕಾರಿಗೆ ಎಲ್ಲ ಅರ್ಥವಾಯಿತು.

"ಹಾಗಾದ್ರೆ ಇರೋರೇ ಬರಲಿ. ರುದ್ರಾರಾಧ್ಯರೇ, ಬೆಳಿಗ್ಗೆ ಏಳಕ್ಕೆಲ್ಲ ನೀವು ಇಲ್ಲಿರಬೇಕು."

ರುದ್ರಾರಾಧ್ಯರ ಮುದ್ದೆ ಕೈಯಲ್ಲೇ ಉಳಿಯಿತು.

ದೊಡ್ಡ ಮೇಜಿನ ತುದಿಯಲ್ಲಿದ್ದ ಗುಮಾಸ್ತೆ ನಾಗವೇಣಿ ಸರಿದು ಜಾಗ ಮಾಡಿದಳು. "ಬಾರೇ ಪಂಕಜಾ, ಕೋಸಂಬರಿ ಇದೆ."

ಬಹಳ ದಿನಗಳ ಮೇಲೆ ಪಂಕಜಾ ಹೊಟ್ಟೆ ತುಂಬ ಉಂಡಳು.