ಕೆಂಪು ನೀರಿನ ಕಟ್ಟಳೆ

ಸ್ವಲ್ಪ ಹತ್ತಿರ ಬನ್ನಿ ಮಕ್ಕಳೇ. ಆ ಬಾಗಿಲು ಮುಂದೆ ಮಾಡಿ. ಈಗ ಹೇಳುವುದನ್ನು ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಕೂಡದು. ಇದರಲ್ಲಿ ಬರುವವರು ಸತ್ತು ಎಷ್ಟೋ ಕಾಲವಾಯಿತು ನಿಜ. ಆದರೆ ಅವರ ಮೊಮ್ಮಕ್ಕಳು ಇನ್ನೂ ಇದೇ ಬೀದಿಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಾರೆ. ನನಗೆ ಯಾಕೆ ಬೇಕು ಅವರ ಉಸಾಬರಿ?

ಹೊಳೆದಂಡೆಯಲ್ಲಿ ಒಂದು ಊರು. ಸೇತುವೆ ಇಲ್ಲದ ಕಾಲ. ಆಚೆ ದಡಕ್ಕೆ ಹೋಗಬೇಕಾದರೆ ಹರಿಗೋಲೇ ಗತಿ. ಒಂದು ಸಲ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದಾಗ ಯಾರೋ ಜೋಳದ ಚೀಲ ಹೇರಿಕೊಂಡು ಹೊರಟರು. ನಡುನೀರಿನಲ್ಲಿ ಹರಿಗೋಲು ಮಗುಚಿತು. ಚೀಲವೂ ಹೋಯಿತು, ಜನರೂ ಹೋದರು. ಊರಲ್ಲಿ ಅಳದ ಮನೆ ಇರಲಿಲ್ಲ.

ಆಮೇಲೆ ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದರು. ದಡದ ಕಲ್ಲಿನ ಮೇಲೆ ಕೆತ್ತಿಸಿದರು: ‘ಕೆಂಪು ನೀರು ಬಂದಾಗ ಹೊರೆ ಹೊತ್ತವರನ್ನು ಹರಿಗೋಲಿಗೆ ಹತ್ತಿಸಬಾರದು.’ ಅಷ್ಟೇ. ಯಾವುದು ಹೊರೆ, ಯಾವುದು ಅಲ್ಲ ಅಂತ ಕೆತ್ತಿಸಲಿಲ್ಲ. ಅಳುತ್ತಾ ಮಾಡಿದ ಕಟ್ಟಳೆ, ಅಷ್ಟೆಲ್ಲ ಯಾರಿಗೆ ಹೊಳೆಯುತ್ತದೆ?

ಅದನ್ನು ನಡೆಸಲು ಕರಿಸಿದ್ದಪ್ಪ ಎಂಬುವನನ್ನು ಪಾರುಪತ್ಯಗಾರ ಮಾಡಿದರು. ಯಾರು ಹತ್ತಬೇಕು, ಯಾರು ನಿಲ್ಲಬೇಕು ಅಂತ ಹೇಳುವವನು ಅವನೇ. ಸುಳ್ಳು ಯಾಕೆ ಹೇಳಲಿ, ಹೊಳೆಯ ಸುಳಿ ಅವನಿಗೆ ಗೊತ್ತಿದ್ದಷ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನೀರಿನ ಬಣ್ಣ ನೋಡಿಯೇ ಮೇಲೆ ಎಲ್ಲಿ ಮಳೆಯಾಗಿದೆ ಅನ್ನುತ್ತಿದ್ದ.

ಮೊದಮೊದಲು ಅವನು ಬೆಲ್ಲದ ಹೆಡಿಗೆಯನ್ನು ಹೊರೆ ಅನ್ನುತ್ತಿದ್ದ. ಬೆಲ್ಲದ ಹಾಲಪ್ಪ ದಡದಲ್ಲಿ ಕೂತು ನೊಣ ಓಡಿಸುತ್ತಿದ್ದ. ಆಮೇಲೆ ಕರಿಸಿದ್ದಪ್ಪನ ತಂಗಿಯನ್ನು ಅದೇ ಹಾಲಪ್ಪನಿಗೆ ಕೊಟ್ಟು ಮದುವೆಯಾಯಿತು. ಊರೆಲ್ಲ ಹೋಳಿಗೆ ತಿಂದಿತು. ಮುಂದಿನ ಮಳೆಗಾಲಕ್ಕೆ ನೋಡಿ, ಬೆಲ್ಲ ಹೊರೆಯೇ ಅಲ್ಲ!

ಕೇಳಿದವರಿಗೆ ಅವನು ಹೇಳಿದ್ದೇನು ಗೊತ್ತೇ? “ಕಲ್ಲು ನೋಡ್ರಿ. ಹೊರೆ ಹೊತ್ತವರು ಅಂತಿದೆ. ಬೆಲ್ಲ ತಾನೇ ಹರಿಗೋಲಲ್ಲಿ ಕೂತಿದೆ. ಹೊತ್ತವರೇ ಇಲ್ಲದ ಮೇಲೆ ಹೊರೆ ಎಲ್ಲಿಂದ ಬಂತು?”

ಜನ ಚಾವಡಿಗೆ ದೂರು ಒಯ್ದರು. ಅಲ್ಲಿ ನ್ಯಾಯ ಹೇಳುವವರು ಚನ್ನವೀರಗೌಡರು. ಒಳ್ಳೆಯವರು, ಒಬ್ಬರ ಮನೆಯ ಎಲೆಅಡಿಕೆಯನ್ನೂ ಪುಕ್ಕಟೆ ಮುಟ್ಟಿದವರಲ್ಲ. ಆದರೆ ಅವರಿಗೊಂದು ಚಾಳಿ ಇತ್ತು. ಹೊಳೆಯ ದೂರು ಬಂದರೆ ಸಾಕು, ಕರಿಸಿದ್ದಪ್ಪನನ್ನೇ ಕರೆಸಿ, ವೀಳ್ಯ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಕೇಳುವರು: “ನೀನು ಅದರಲ್ಲೇ ಇರೋನಪ್ಪ, ನೀನೇ ಬಲ್ಲೆ. ಕಟ್ಟಳೆ ಏನನ್ನುತ್ತೆ?” ಅವನು ಎಲೆ ಅಗಿಯುತ್ತಾ ಏನೋ ಒಂದು ಹೇಳುವನು. “ಅದೇ ನಮ್ಮ ತೀರ್ಪು” ಅಂತ ಗೌಡರು ಮೇಲೇಳುವರು. ಯಾರ ಮೇಲೆ ದೂರೋ ಅವನ ಬಾಯಿಂದಲೇ ತೀರ್ಪು! ಗೌಡರ ಹೆಂಡತಿಯೇ ನೀರಿಗೆ ಬಂದಾಗ ಇದನ್ನು ಹೇಳಿ ನಕ್ಕಿದ್ದರಂತೆ. ಅದನ್ನೂ ನಾನು ಹೇಳಲಿಲ್ಲ ಅಂತಿಟ್ಟುಕೊಳ್ಳಿ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹೊನ್ನೂರವ್ವ ದಡಕ್ಕೆ ಓಡಿ ಬಂದಳು. ಉಣ್ಣೆ ನೂಲಿ ಬದುಕುವವಳು. ಗಂಡ ಕುರಿಯ ಹಿಂದೆ ಎಲ್ಲೋ ದೂರ ಹೋಗಿದ್ದ. ಬೆನ್ನ ಮೇಲೆ ಕಂಬಳಿಯಲ್ಲಿ ಮಗಳು ದ್ಯಾಮಿ. ಮೈ ಕೆಂಡ, ಕಣ್ಣು ಮೇಲಾಗಿದೆ. ಔಷಧಿ ಕೊಡುವ ಪಂಡಿತರು ಇದ್ದದ್ದು ಆಚೆ ದಡದಲ್ಲಿ. ಹೊಳೆ ಕೆಂಪಾಗಿತ್ತು.

ಕರಿಸಿದ್ದಪ್ಪ ಕೋಲು ಅಡ್ಡ ಹಿಡಿದ.

“ಬೆನ್ನ ಮೇಲೇನು?”

“ಮಗಳಣ್ಣ.”

“ಹೊತ್ತಿದ್ದೀಯಲ್ಲ?”

“ಹೊತ್ತಿದ್ದೀನಿ.”

“ಹಾಗಾದರೆ ಹೊರೆ. ಇಳಿಸಿ ನಡೆಸಿಕೊಂಡು ಬಾ, ಹತ್ತಿಸುತ್ತೀನಿ.”

“ಕಾಲು ನಿಲ್ಲುತ್ತಿಲ್ಲ ಅಣ್ಣ, ನಿನ್ನ ದಮ್ಮಯ್ಯ.”

“ನಾನೇನು ಮಾಡಲವ್ವ? ಕಲ್ಲು ಹೇಳಿದ್ದು.”

ಅವಳ ಕಣ್ಣೆದುರಿಗೇ ಹಾಲಪ್ಪನ ಹೆಡಿಗೆಗಳು ಹರಿಗೋಲು ಹತ್ತಿದವು. ಹರಿಗೋಲು ಆಚೆಗೆ ಹೋಯಿತು. ಅವಳು ಚಾವಡಿಗೆ ಓಡಿದಳು.

ಗೌಡರು ಎಂದಿನಂತೆ ಕರಿಸಿದ್ದಪ್ಪನಿಗೆ ಹೇಳಿ ಕಳಿಸಿದರು. ಅವನು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಬಂದವನು ಪಕ್ಕದಲ್ಲಿ ಕೂತ. ಗೌಡರು ಎಲೆ ಮಡಿಸಿ ಅವನ ಕಡೆ ಕೈ ಚಾಚಿದರು.

“ಕಟ್ಟಳೆ ಏನನ್ನುತ್ತಪ್ಪ?”

ಹೊನ್ನೂರವ್ವ ಅಳಲಿಲ್ಲ. ಮಗಳನ್ನು ಬೆನ್ನಿಂದ ಬಿಚ್ಚಿ ಗೌಡರ ಮುಂದೆ ಚಾಪೆಯ ಮೇಲೆ ಮಲಗಿಸಿದಳು.

“ಗೌಡ್ರೇ, ಇವನು ಏನಂತಾನೆ ಅಂತ ದಡದಲ್ಲೇ ಕೇಳಿ ಬಂದೆ. ಅದನ್ನೇ ಇನ್ನೊಂದು ಸಲ ಕೇಳಲಿಕ್ಕೆ ಇಲ್ಲಿಗೆ ಓಡಿ ಬರಲಿಲ್ಲ. ನೀವು ಏನಂತೀರಿ ಹೇಳ್ರಿ. ಏನೂ ಅನ್ನೋದಿಲ್ಲ ಅಂದ್ರೆ ಈ ಕಟ್ಟೆ ಮೇಲೆ ಯಾಕೆ ಕೂತೀರಿ? ಎದ್ದು ಮನೆಗೆ ನಡೀರಿ, ನಾನು ಮಗಳನ್ನು ನಿಮ್ಮ ಜಾಗದಲ್ಲಿ ಮಲಗಿಸುತ್ತೀನಿ, ನೆರಳಾದರೂ ಸಿಗುತ್ತೆ.”

ಗೌಡರ ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಮುಖಕ್ಕೆ ಉಗಿದಿದ್ದರೂ ಅಷ್ಟು ಸಣ್ಣಗಾಗುತ್ತಿರಲಿಲ್ಲ ಮನುಷ್ಯ. ಎಲೆಯನ್ನು ಕೆಳಗಿಟ್ಟು ಎದ್ದರು. ಹೊಳೆಯ ದಡಕ್ಕೆ ನಡೆದರು. ಕರಿಸಿದ್ದಪ್ಪನೂ, ಮಗಳನ್ನೆತ್ತಿಕೊಂಡು ಹೊನ್ನೂರವ್ವನೂ ಹಿಂದೆ ನಡೆದರು. ಕಲ್ಲಿನ ಮುಂದೆ ನಿಂತು ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಅಷ್ಟು ವರ್ಷದಲ್ಲಿ ಅವರು ಅದನ್ನು ಓದಿದ್ದು ಅದೇ ಮೊದಲಂತೆ!

ಆಮೇಲೆ ತಿರುಗಿ ಕೇಳಿದರು.

“ಕರಿಸಿದ್ದಪ್ಪ, ಈ ನೀರಿನಲ್ಲಿ ಹರಿಗೋಲು ತಾಯಿ ಮಗಳನ್ನು ತಾಳುತ್ತದೆಯೇ? ಹೊಳೆ ಬಲ್ಲವನು ನೀನು. ನಿಜ ಹೇಳು.”

ಅವನು ನೀರು ನೋಡಿದ. ತಲೆ ತಗ್ಗಿಸಿದ. “ತಾಳುತ್ತೆ ಗೌಡ್ರೇ. ಆದರೆ ಇಲ್ಲಿಂದ ಬೇಡ, ಸುಳಿ ಎದ್ದಿದೆ. ಮೇಲಿನ ಮತ್ತಿಮರದ ಹತ್ತಿರದಿಂದ ಬಿಡಬೇಕು.”

“ಆಯಿತು. ಅದು ನಿನ್ನ ವಿದ್ಯೆ. ಅದರಲ್ಲಿ ನಿನ್ನ ಮಾತು ಕೇಳುತ್ತೇನೆ, ಮತ್ತಿಮರದಿಂದಲೇ ಬಿಡಲಿ. ಕಲ್ಲಿನ ಮಾತಿಗೆ ಅರ್ಥ ಹೇಳುವುದು ನನ್ನ ಕೆಲಸ. ಇಷ್ಟು ದಿನ ಅದನ್ನು ನಿನ್ನ ತಲೆಗೆ ಕಟ್ಟಿ ಹಾಯಾಗಿದ್ದೆ. ಈಗ ಕೇಳು. ಜನ ಮುಳುಗಬಾರದು ಅಂತ ಈ ಕಟ್ಟಳೆ ಹುಟ್ಟಿತು. ದಡದಲ್ಲಿ ಬಿಟ್ಟು ಹೋಗಿ, ನೀರು ಇಳಿದ ಮೇಲೆ ಬಂದು ಒಯ್ಯಬಹುದಾದದ್ದು ಯಾವುದೋ ಅದು ಹೊರೆ. ಬೆಲ್ಲ ಬಿಟ್ಟು ಹೋಗಬಹುದು. ಮಗಳನ್ನು ಬಿಟ್ಟು ಹೋಗಲಿಕ್ಕೆ ಬರುತ್ತದೇನು?”

ಹಾಲಪ್ಪ ಮೆಲ್ಲಗೆ ತನ್ನ ಉಳಿದ ಹೆಡಿಗೆಗಳನ್ನು ಹಿಂದಕ್ಕೆ ಎಳೆದುಕೊಂಡ.

ತಾಯಿ ಮಗಳು ದಾಟಿದರು. ದ್ಯಾಮಿ ಬದುಕಿದಳು. ಒಂದು ಕಿವಿ ಮಾತ್ರ ಹೋಯಿತು. ಬೆಳಿಗ್ಗೆಯೇ ದಾಟಿದ್ದರೆ ಅದೂ ಉಳಿಯುತ್ತಿತ್ತೋ ಏನೋ, ಪಂಡಿತರಿಗೂ ಹೇಳಲಾಗಲಿಲ್ಲ. ಆಮೇಲೆ ಆ ಹುಡುಗಿ ಎದುರಿಗೆ ಬಂದರೆ ಗೌಡರು ನಿಂತು ಗಟ್ಟಿಯಾಗಿ ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು.

ಇನ್ನೊಂದು ಮಾತು ಉಳಿಯಿತು. ಇದನ್ನು ಕೇಳಿ ಸೊಪ್ಪು ಮಾರುವ ಈರವ್ವನೂ ಕುಣಿಯುತ್ತಾ ಚಾವಡಿಗೆ ಬಂದಳು, ತನ್ನ ಬುಟ್ಟಿಯನ್ನೂ ಕೆಂಪು ನೀರಿನಲ್ಲಿ ಹರಿಗೋಲಿಗೆ ಹತ್ತಿಸಬೇಕು ಅಂತ. ಗೌಡರು ಬುಟ್ಟಿ ಎತ್ತಿ ನೋಡಿದರು, ಕರಿಸಿದ್ದಪ್ಪ ಹೇಳಿದ್ದನ್ನೂ ಪೂರ್ತಿ ಕೇಳಿದರು, ಎದ್ದು ಹೋಗಿ ಇನ್ನೊಂದು ಸಲ ಕಲ್ಲು ಓದಿದರು. “ಈರವ್ವ, ಇದು ಹೊರೆಯೇ. ಅವನು ಹೇಳಿದ್ದು ಸರಿ” ಅಂದರು. ಈರವ್ವ ಬೈದುಕೊಂಡು ಹೋದಳು. ಆದರೆ ಗೌಡರು ನೋಡಲಿಲ್ಲ ಅಂತ ಅವಳೂ ಹೇಳುವಂತಿರಲಿಲ್ಲ.

ನೀತಿ: ಕಟ್ಟಳೆಯ ಮಾತು ಸ್ಪಷ್ಟವಿಲ್ಲದಾಗ, ಅದನ್ನು ನಡೆಸುವವನ ಅನುಭವವನ್ನು ಕಿವಿಗೊಟ್ಟು ಕೇಳಬೇಕು. ಆದರೆ ಅದರ ಅರ್ಥವನ್ನು ನ್ಯಾಯ ಹೇಳಲು ಕೂತವನು ತಾನೇ ಓದಿ, ತಾನೇ ಯೋಚಿಸಿ ಹೇಳಬೇಕು. ಆ ಕೆಲಸವನ್ನೂ ಅಧಿಕಾರಿಯ ಕೈಗೇ ಕೊಟ್ಟುಬಿಟ್ಟರೆ ನೊಂದವರಿಗೆ ಹೋಗಲು ಬೇರೆ ಬಾಗಿಲೇ ಇರುವುದಿಲ್ಲ.

ಈ ಕಥೆಯನ್ನು ಮೊನ್ನೆ ಪಕ್ಕದ ಮನೆಯ ಶಿವಗಂಗಿಗೂ ಹೇಳಿದೆ. ಪೂರ್ತಿ ಕೇಳಿದಳು, ಸೆರಗು ಕೊಡವಿ ಎದ್ದಳು, ನನ್ನ ಮುಖಕ್ಕೇ ಅಂದಳು: “ಚೆನ್ನಾಗಿ ಹೇಳಿದ್ರಿ ಅಜ್ಜಿ. ಮೂಲೆಮನೆ ಸೊಸೆ ವಿಷಯ ಹೋದ ವಾರ ಏನೇನೋ ಹೇಳಿದ್ರಲ್ಲ, ಅದನ್ನೂ ನಿಮ್ಮ ಬಾಯಿಂದ ಕೇಳಿದ್ದಾಯ್ತು. ಈಗ ನಾನೂ ಗೌಡ್ರ ಹಾಗೆ ಹೋಗಿ ಆ ಹುಡುಗಿಯನ್ನೇ ನೋಡ್ಕೊಂಡು ಬರ್ತೀನಿ.”