ಕಡವೆ ಕೊಂಬು ಕಳಚಿದ ಬೇಸಿಗೆ

ನೆಲ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು, ಮಗೂ. ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದವು. ಜಿಂಕೆಗಳಲ್ಲೆಲ್ಲ ದೊಡ್ಡದು ಕಡವೆ ತಾನೇ? ಆಗ ಗಂಡು ಕಡವೆಯ ತಲೆ ಬೋಳು.

ಅವನು ನೆಲತಾಯಿಯ ಮುಂದೆ ಮಂಡಿಯೂರಿದ. "ಅವ್ವಾ, ಕಾಡೆಮ್ಮೆಗೆ ಕೊಂಬು ಕೊಟ್ಟೆ. ನನಗೂ ಕೊಡು. ನಾಲ್ಕು ಗಂಡುಗಳ ಜೊತೆ ಗುದ್ದಾಡಿ ಗೆದ್ದರೆ ತಾನೇ ನನಗೆ ಹೆಣ್ಣು ಸಿಗೋದು?"

ನೆಲತಾಯಿ ನಕ್ಕಳು. "ಕೊಡ್ತೀನಪ್ಪ. ಮಳೆಗಾಲದಲ್ಲಿ ಬೆಳೆಯುತ್ತೆ. ಗುದ್ದಾಟ ಮುಗಿದು ಬೇಸಿಗೆ ಬಂದಾಗ ಬಿಟ್ಟುಬಿಡು, ಹೊಸದು ಕೊಡ್ತೀನಿ. ಹಿಡಿದುಕೊಂಡೆಯೋ, ಬೆಳೀತಾನೇ ಹೋಗುತ್ತೆ, ನೋಡು!"

ಮಳೆ ಬಂತು. ತಲೆಯ ಮೇಲೆ ಎರಡು ಗಂಟು ಎದ್ದವು. ಮೆತ್ತನೆಯ ತುಪ್ಪಳದ ತೊಗಲು ಹೊದ್ದು ಬೆಳೆದವು, ಕವಲೊಡೆದವು. ಕೊಂಬು ಗಟ್ಟಿಯಾದಾಗ ತೊಗಲು ಒಣಗಿ ತುರಿಸತೊಡಗಿತು. ಕಡವೆ ಮತ್ತಿಮರಕ್ಕೆ ಉಜ್ಜಿದ, ಹೊನ್ನೆಮರಕ್ಕೆ ಉಜ್ಜಿದ. "ಅಯ್ಯೋ, ನಮ್ಮ ತೊಗಟೆ!" ಎಂದು ಮರಗಳು ಬೈದವು. ಯಾರು ಕೇಳಬೇಕು? ಕಡವೆ ಗುದ್ದಾಡಿದ, ಗೆದ್ದ, ಮದುವೆಯೂ ಆದ.

ಬೇಸಿಗೆ ಬಂತು. ಕೊಂಬು ಬಿಡಲು ಮನಸ್ಸೇ ಬರಲಿಲ್ಲ. ಬೋಳುತಲೆ ಹೊತ್ತು ಹೆಂಡತಿಯ ಮುಂದೆ ನಿಲ್ಲುವುದು ಹೇಗೆ? ನೆಲತಾಯಿ ಮತ್ತೆ ಕೊಡದಿದ್ದರೆ? ಬಿಗಿಯಾಗಿ ಹಿಡಿದೇ ಹಿಡಿದ. ಕೊಂಬು ಬೆಳೆಯಿತು, ಬೆಳೆಯಿತು, ಬೆಳೆಯುತ್ತಲೇ ಹೋಯಿತು.

ಹೊಳೆ ಬತ್ತಿತು. ಎರಡು ಬಂಡೆಗಳ ನಡುವೆ ಒಂದೇ ಗುಂಡಿ ನೀರು ಉಳಿಯಿತು. ಕುಡಿಯಲು ಕಡವೆ ಬಗ್ಗಿದ. ಠಕ್! ಕೊಂಬು ಬಂಡೆಗೆ ತಾಗಿತು. ಓರೆಯಾಗಿ ಬಗ್ಗಿದ. ಠಕ್! ಮೂರು ದಿನ ಇದೇ ಪಾಡು. ನಾಲಿಗೆ ಒಣಗಿತು, ಕಾಲು ನಡುಗಿತು. ಹೆಂಡತಿ ಒದ್ದೆ ಪಾಚಿ ತಂದು ಬಾಯಿಗಿಟ್ಟಳು. ಅಷ್ಟರಿಂದ ಅಷ್ಟು ದೊಡ್ಡ ಹೊಟ್ಟೆಯ ದಾಹ ತೀರುತ್ತದೆಯೇ?

ಆಗ ಮುಳ್ಳುಹಂದಿ ಅಕ್ಕ ಮರಿಗಳ ಜೊತೆ ಬಂದಳು. ಪಾಪ, ಮರಿಗಳ ಮುಳ್ಳು ಇನ್ನೂ ಕೂದಲಿನಂತೆ ಮೆತ್ತಗಿತ್ತು. ಗಟ್ಟಿಯಾಗಬೇಕಾದರೆ ಎಲುಬಿನಂಥದ್ದು ಏನಾದರೂ ಕಡಿಯಬೇಕಿತ್ತು.

"ಇದೇನು ಭಾವ, ತಲೆ ಮೇಲೆ ಒಂದು ಕಾಡೇ ಇದೆ, ಬಾಯಲ್ಲಿ ಒಂದು ತೊಟ್ಟು ನೀರಿಲ್ಲ! ಬಿಡಿ ಅದನ್ನ, ನನ್ನ ಮಕ್ಕಳಾದರೂ ತಿನ್ನಲಿ."

"ಬಿಟ್ಟರೆ ನನ್ನ ಮರ್ಯಾದೆ?" ಎಂದ ಕಡವೆ.

ಹೆಂಡತಿಗೆ ರೇಗಿಹೋಯಿತು. "ನೀವು ಸತ್ತ ಮೇಲೆ ಆ ಮರ್ಯಾದೇನ ಯಾರ ತಲೆ ಮೇಲೆ ಇಡ್ಲಿ?" ಎಂದು ಅತ್ತೇಬಿಟ್ಟಳು.

ಕಡವೆಯ ಹಟ ಕರಗಿತು. ಬಿಗಿ ಬಿಟ್ಟ. ಎಡಗೊಂಬು ದೊಪ್ಪನೆ ಬಿತ್ತು! ತಲೆ ಬಲಕ್ಕೆ ವಾಲಿ, ತುಂಬಿದ ಬಿಂದಿಗೆ ಒಂದೇ ಕಡೆ ಹೊತ್ತವರಂತೆ ಸೊಟ್ಟಸೊಟ್ಟ ನಡೆದ. ಮುಳ್ಳುಹಂದಿ ಮರಿಗಳು ಬಿದ್ದು ಬಿದ್ದು ನಕ್ಕವು. ಹೆಂಡತಿಗೂ ಅಳುವಿನ ನಡುವೆ ನಗು ಬಂತು. ಬಲಗೊಂಬೂ ಬಿತ್ತು. ಕಡವೆ ನೀರಿಗೆ ಮೂತಿಯಿಟ್ಟು ಗಟಗಟ ಕುಡಿದ, ಮರಿಗಳು ಕೊಂಬನ್ನು ಕರಕರ ಕಡಿದವು.

ಮಳೆ ಬರುವವರೆಗೂ ಅವನು ನಾಚಿ ಪೊದೆಯಲ್ಲೇ ಕೂತಿದ್ದ. ಮೊದಲ ಹನಿ ಬಿದ್ದ ವಾರಕ್ಕೇ ತಲೆ ಮೇಲೆ ಗಂಟು ಎದ್ದವು ನೋಡು, ಆ ಕುಣಿತ ಕೇಳಬೇಡ!

ಅಂದಿನಿಂದ ಗಂಡು ಕಡವೆ ಬೇಸಿಗೆಗೆ ಕೊಂಬು ಕಳಚುತ್ತಾನೆ, ಮಳೆಗೆ ಹೊಸದು ಪಡೆಯುತ್ತಾನೆ. ಕಾಡಿನಲ್ಲಿ ಬಿದ್ದ ಕೊಂಬಿನ ಮೇಲೆ ಸಾಲುಸಾಲು ಹಲ್ಲಿನ ಗುರುತು ಕಂಡರೆ ಅದನ್ನು ಮನೆಗೆ ತರಬೇಡ, ಮಗೂ. ಯಾವುದೋ ಮರಿಯ ಊಟ ಇನ್ನೂ ಮುಗಿದಿಲ್ಲ.